ಸಂದರ್ಶನಕ್ಕೆ ಸುರಿದ ಚಹಾ

ಬಿಷ್ಕೆಕ್‌ನ ನಮ್ಮ ವಿಶ್ವವಿದ್ಯಾಲಯ ಆ ವರ್ಷ ಪಿಎಚ್.ಡಿ. ಮುಗಿಸಿದವರಿಗಾಗಿ ಸಂಶೋಧನಾ ಹುದ್ದೆಗಳನ್ನು ಕರೆದಿತ್ತು. ಭೌತಶಾಸ್ತ್ರ, ಮಣ್ಣು, ಹಿಮನದಿ, ಸೂಕ್ಷ್ಮಜೀವಿ, ಎಲ್ಲಕ್ಕೂ ಒಂದೇ ಜಾಹೀರಾತು. ಉಳಿದವು ಭರ್ತಿಯಾಗಿ, ಕೊನೆಯ ಒಂದು ಹುದ್ದೆಗೆ ಇಬ್ಬರು ಉಳಿದರು: ಹಿಮನದಿಗಳ ಚಲನೆ ಅಳೆಯುವ ಏರ್ನಿಸ್, ಮತ್ತು ಕುದುರೆ ಹಾಲನ್ನು ಹುಳಿ ಬರಿಸುವ ಸೂಕ್ಷ್ಮಜೀವಿಗಳ ಹಿಂದೆ ಬಿದ್ದಿದ್ದ ಬೇಗಾಯಿಮ್. ಇದೂ ಕೈತಪ್ಪಿದರೆ ಬೇಗಾಯಿಮ್‌ಗೆ ಅಕ್ಕನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಮಾರುವುದೇ ಗತಿ.

ಸಂದರ್ಶನ ಮುಕಾಶ್ ಮೇಷ್ಟ್ರದು. ಚಹಾ ಇಲ್ಲದೆ ಅವರಿಗೆ ಪ್ರಶ್ನೆಯೇ ಹೊಳೆಯದು. ಇಬ್ಬರನ್ನೂ ಒಟ್ಟಿಗೇ ಕೂರಿಸಿ, ಕೆಟಲ್ ಮುಂದಿಟ್ಟು ಕೇಳಿದರು:

"ನಿಮ್ಮಿಬ್ಬರಲ್ಲಿ ಚಿಕ್ಕೋರು ಯಾರಪ್ಪ?"

ನಮ್ಮಲ್ಲಿ ಚಹಾ ಸುರಿಯುವುದು ಕಿರಿಯರ ಪಾಲಿನದು.

"ನಾನು ನಾಲ್ಕು ತಿಂಗಳು ದೊಡ್ಡೋನು, ಅಗಾಯ್," ಎಂದು ಏರ್ನಿಸ್ ಕುರ್ಚಿಗೆ ಒರಗಿದ. ಮೇಷ್ಟ್ರನ್ನು ನಾವೆಲ್ಲ ಕರೆಯುವುದೇ ಅಗಾಯ್ ಎಂದು.

"ಹುಟ್ಟೋದ್ರಲ್ಲೂ ಅವಸರ ನಿಂಗೆ," ಎಂದು ಗೊಣಗಿ ಬೇಗಾಯಿಮ್ ಕೆಟಲ್ ಎತ್ತಿಕೊಂಡಳು.

ಬಟ್ಟಲಿಗೆ ಅರ್ಧ ಮಾತ್ರ ಸುರಿಯಬೇಕು. ಅರ್ಧ ಅಂದರೆ 'ಇನ್ನೂ ಕೂತಿರಿ'. ಅರ್ಧ ಬಟ್ಟಲು ಎಷ್ಟು ಹೊತ್ತು ಬಂದೀತು? ಅಗಾಯ್ ಪ್ರಶ್ನೆ ಕೇಳಿ ಆಕೆ ಬಾಯಿ ತೆರೆಯುವಷ್ಟರಲ್ಲಿ ಒಂದು ಖಾಲಿ ಬಟ್ಟಲು ಅವಳ ಮೂಗಿನ ಕೆಳಗೆ. ಸುರಿದು ತಲೆಯೆತ್ತುವಷ್ಟರಲ್ಲಿ ಉತ್ತರ ಏರ್ನಿಸ್‌ನದು.

"ಹಿಮನದಿ ಅಂದ್ರೆ ಅಗಾಯ್, ನಿಂತ ಹಾಗೆ ಕಾಣ್ಸುತ್ತೆ, ಆದ್ರೆ..." ಎಂದು ಮೂಗಿನಲ್ಲಿ ರಾಗ ಎಳೆಯುತ್ತಿದ್ದ. ನದಿ ಹೆಪ್ಪುಗಟ್ಟಿತ್ತು, ಬಾಯಿ ಮಾತ್ರ ಪ್ರವಾಹ.

"ನನ್ನ ಸೂಕ್ಷ್ಮಜೀವಿಗಳ ಬಗ್ಗೆ ಒಂದ್ಮಾತು..." ಎಂದಳು ಬೇಗಾಯಿಮ್.

"ಮೊದ್ಲು ಚಹಾ ಹಾಕು ತಂಗಿ. ಅವೆಲ್ಲಿಗ್ ಹೋಗ್ತವೆ, ಇನ್ನೊಂದಿಷ್ಟು ಹುಳಿ ಆಗ್ಲಿ," ಎಂದು ಏರ್ನಿಸ್ ಬಟ್ಟಲು ಚಾಚಿದ.

ಬೇಗಾಯಿಮ್ ನಗುನಗುತ್ತಲೇ ಸುರಿದಳು. ಅರ್ಧಕ್ಕೆ ಕೈ ನಿಲ್ಲಲಿಲ್ಲ. ಅಂಚಿನವರೆಗೂ ತುಂಬಿಸಿ, ಬಹಳ ಮರ್ಯಾದೆಯಿಂದ ಕೊಟ್ಟಳು.

ತುಂಬಿದ ಬಟ್ಟಲೆಂದರೆ 'ಹೊರಡಿ'. ಏರ್ನಿಸ್ ಅಜ್ಜಿಯ ಶಿಸ್ತಿನಲ್ಲಿ ಬೆಳೆದವನು. ತಲೆಗಿಂತ ಮೊದಲು ಕಾಲಿಗೆ ಅರ್ಥವಾಯಿತು. ಮಾತನ್ನು ಅಲ್ಲೇ ಬಿಟ್ಟು, ಚಹಾ ಗಟಗಟ ಕುಡಿದು, ಅಂಗೈಗಳಿಂದ ಮುಖ ಸವರಿಕೊಂಡು, ಉಂಡು ಏಳುವಾಗ ಹೇಳುವ 'ಓಮಿನ್' ಅಂದ. "ಮನೆ ತುಂಬಿರ್ಲಿ, ಬರ್ತೀನಿ ಅಗಾಯ್," ಎಂದು ಹೊರಟೇ ಹೋದ.

ಅಗಾಯ್ ಮುಚ್ಚಿದ ಬಾಗಿಲನ್ನೇ ನೋಡಿದರು. "ಎಲ್ಲಿಗ್ ಹೋದ ಇವ್ನು?"

"ಹಿಮನದಿ ಅಲ್ವಾ ಅಗಾಯ್. ನಿಂತ ಹಾಗೆ ಕಾಣ್ಸುತ್ತೆ, ಆದ್ರೆ..." ಅದೇ ಮೂಗು, ಅದೇ ರಾಗ.

ಅಗಾಯ್ ನಕ್ಕ ರಭಸಕ್ಕೆ ಚಹಾ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಈಗ ಹೇಳಮ್ಮ ನಿನ್ನ ಹುಳಿ ಕತೆ," ಎಂದರು.

ಒಂದೇ ಕುದುರೆಯ ಹಾಲು ತೊಗಲ ಚೀಲದಲ್ಲಿ ಅಮೃತವಾಗಿ, ಪ್ಲಾಸ್ಟಿಕ್ ಡಬ್ಬದಲ್ಲಿ ಏಕೆ ಕೆಡುತ್ತದೆಂದು ಅವಳು ಹೇಳತೊಡಗಿದಳು. ಪ್ರತಿ ಬೇಸಿಗೆ ಡಬ್ಬದ ಹಾಲಿಗೆ ಶಾಪ ಹಾಕುವ ಅಗಾಯ್ ಬಟ್ಟಲನ್ನೇ ಮರೆತರು. ಏರ್ನಿಸ್‌ಗೆ ಮೆಟ್ಟಿಲ ಬುಡದಲ್ಲಿ ಎಚ್ಚರವಾಗಿ, ಏದುಸಿರು ಬಿಡುತ್ತ ಮರಳುವಷ್ಟರಲ್ಲಿ ಹುದ್ದೆ ಅವಳದಾಗಿತ್ತು. ಅವಳು ಅವನಿಗೆ ಅರ್ಧ ಬಟ್ಟಲು ಸುರಿದುಕೊಟ್ಟಳು.

"ಆ ಕೆಟಲ್ ನೀನೇ ಇಟ್ಕೋ," ಎಂದರು ಅಗಾಯ್. "ಪ್ರಯೋಗಾಲಯದಲ್ಲೂ ನೀನೇ ಚಿಕ್ಕೋಳು."

ಅಂದಿನಿಂದ ಬೇಗಾಯಿಮ್ ವಿಶ್ವವಿದ್ಯಾಲಯದ ಬೆನ್ನು ಹತ್ತಿದ್ದಾಳೆ: ಇನ್ನೊಂದು ಹುದ್ದೆ ಕರೆಯಿರಿ, ಯಾವ ವಿಜ್ಞಾನವಾದರೂ ಸರಿ, ಬರುವವರ ವಯಸ್ಸು ಮಾತ್ರ ನನಗಿಂತ ಕಡಿಮೆ ಇರಲಿ.