ಬಾಲವಲ್ಲ, ಕುತ್ತಿಗೆ

ಚರ್ಚಿನ ವಾರ್ಷಿಕೋತ್ಸವದ ಊಟಕ್ಕೆ ಓಜೆಲ್ಲಾ ಅಜ್ಜಿ ದನದ ಕುತ್ತಿಗೆ ಮೂಳೆ ಬೇಯಿಸಿದ್ದಳು. ವಿನೆಗರ್ ನೀರಿನಲ್ಲಿ ತೊಳೆದು, ಹಿಟ್ಟಿನಲ್ಲಿ ಹೊರಳಿಸಿ, ಕಬ್ಬಿಣದ ಪಾತ್ರೆಯಲ್ಲಿ ಕೆಂಪಗೆ ಹುರಿದು, ಈರುಳ್ಳಿಯ ಜೊತೆ ನಾಲ್ಕು ಗಂಟೆ ಸಣ್ಣ ಉರಿಯಲ್ಲಿಟ್ಟಿದ್ದಳು. ಅಗ್ಗದ ಮಾಂಸಕ್ಕೆ ಬೇಕಾದದ್ದು ಕಾಸಲ್ಲ, ಕಾಯುವ ಬುದ್ಧಿ ಎನ್ನುವುದು ಅವಳ ಮಾತು. ಕಣ್ಣಿಗೆ ಪೊರೆ ಬಂದಮೇಲೆ ಮಾಂಸ ಬೆಂದಿತೋ ಇಲ್ಲವೋ ಎಂದು ಚಮಚದಲ್ಲಿ ಒತ್ತಿಯೇ ತಿಳಿಯುತ್ತಿದ್ದಳು.

ಪಾತ್ರೆಯ ಮುಂದೆ ಚೀಟಿ ಬರೆದಿಡುವ ಕೆಲಸ ಮೊಮ್ಮಗಳು ಜನೀಸಳದು. ಅವಳು ಕಾಲೇಜು ಮುಗಿಸಿ ಅಟ್ಲಾಂಟಾದಿಂದ ತನ್ನೂರು ಮೇಕನ್‌ಗೆ ಮರಳಿ ತಿಂಗಳಾಗಿತ್ತಷ್ಟೆ. ಮೇಜಿನ ಮೇಲೆ ಈ ಕಡೆ ಸಿಗಡಿ, ಆ ಕಡೆ ಸುಟ್ಟ ಪಕ್ಕೆಲುಬು. ನಡುವೆ 'ಕುತ್ತಿಗೆ ಮೂಳೆ' ಎಂದು ಬರೆಯಲು ಅವಳಿಗೆ ಕೈ ಬರಲಿಲ್ಲ. 'ಎತ್ತಿನ ಬಾಲ' ಎಂದು ಬರೆದಳು. ಬಾಲವೂ ಒಂದು ಕಾಲಕ್ಕೆ ಬಡವರದೇ; ಹೋಟೆಲಿನವರ ಕಣ್ಣು ಬಿದ್ದಮೇಲೆ ಅದರ ಗತ್ತೇ ಬೇರೆ. ಅಜ್ಜಿಯ ಹೆಸರನ್ನು ಬರೆಯದೆ ಬಿಟ್ಟಳು. ಅಜ್ಜಿಗೆ ಹೇಗೂ ಅಕ್ಷರ ಕಾಣದು.

ಊಟದುದ್ದಕ್ಕೂ ಬಾಲದ್ದೇ ಹೊಗಳಿಕೆ. ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ಅಜ್ಜಿ ಆಮೇಲೆ ಅಡುಗೆಮನೆಗೆ ಬಂದು, ತನ್ನ ಪಾತ್ರೆಯೊಳಗೆ ಕೈಯಾಡಿಸಿದಳು.

"ಯಾರೋ ತಂದ ಬಾಲನೇ ಎಲ್ರೂ ತಿಂದ್ರು, ನಂದು ಯಾರೂ ಮುಟ್ಟಲಿಲ್ಲ ಕಣೇ."

"ಖಾಲಿಯಾಗಿದ್ಯಲ್ಲಜ್ಜಿ."

"ಕಸಕ್ಕೆ ಸುರಿದಿರ್ತಾರೆ, ಮುದುಕಿ ನೊಂದ್ಕೋಬಾರ್ದು ಅಂತ. ಒಬ್ರಾದ್ರೂ ಕುತ್ತಿಗೆ ಅಂದ್ರಾ? ನನ್ನ ಕೈ ಹೋಯ್ತು ಬಿಡು. ಇನ್ಮೇಲೆ ಒಲೆ ಮುಂದೆ ನಿಲ್ಲಲ್ಲ."

ಜನೀಸ್ ತಾನು ಮಾಡಿದ್ದನ್ನು ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಅಜ್ಜಿ ಬೈಯಲಿಲ್ಲ. ಪಾತ್ರೆಯ ಅಂಚನ್ನು ಸವರುತ್ತಾ, ತನಗೆ ಹೇಳಿದರೆ ಸಾಲದು, ಒಳಗೆ ಕೂತವರಿಗೂ ಹೋಗಿ ಹೇಳು ಎಂದಳು.

ಊಟದ ಹಾಲ್‌ನಲ್ಲಿ ಹೆಂಗಸರು ಉಳಿದದ್ದನ್ನು ಕಟ್ಟಿಕೊಳ್ಳುತ್ತಿದ್ದರು. ಹೆಚ್ಚು ಜನರ ಮುಂದೆ ಬಾಯಿ ಬಿಡದ ಜನೀಸ್ ಹೇಗೋ ಹೇಳಿ ಮುಗಿಸಿದಳು. ಅಜ್ಜಿಯ ಜೊತೆ ಚರ್ಚಿನಲ್ಲಿ ಐವತ್ತು ವರ್ಷ ಹಾಡಿದ ಹ್ಯಾಟಿ ತಲೆಯೆತ್ತದೆಯೇ ಅಂದಳು:

"ಮೂಳೆ ಚೀಪಿದೋರಿಗೆ ಬಾಲ ಯಾವ್ದು, ಕುತ್ತಿಗೆ ಯಾವ್ದು ಗೊತ್ತಾಗಲ್ವೇನೇ? ಪಾತ್ರೆ ಯಾರದ್ದೂಂತನೂ ಗೊತ್ತಿತ್ತು."

"ಮತ್ತೆ ಬಾಲ ಬಾಲ ಅಂದ್ರಲ್ಲ?"

"ಓಜೆಲ್ಲಾಗೇ ನಾಚಿಕೆ ಬಂದಿದೆ ಅಂದ್ಕೊಂಡ್ವಿ ಮಗಾ. ಗೆಳತಿ ಮಾನ ನಾವೇ ಕಳೀಬೇಕಾ?"

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಹ್ಯಾಟಿ, ಉಪ್ಪು ಸರಿಯಿತ್ತಾ?"

"ಒಂಚೂರು ಮುಂದಿತ್ತು. ಆದ್ರೂ ಎರಡು ಸಲ ಬಡಿಸ್ಕೊಂಡೆ."

ಹೆಂಗಸರೆಲ್ಲ ನಕ್ಕರು, ಅಜ್ಜಿಯೂ ನಕ್ಕಳು. ಜನೀಸಳಿಗೆ ಮಾತ್ರ ನಗು ಬರಲಿಲ್ಲ. ಅಜ್ಜಿ ಹುಟ್ಟಿದಾರಭ್ಯ ಪಡದ ನಾಚಿಕೆಯೊಂದನ್ನು ಊರವರ ಮುಂದೆ ಅವಳ ತಲೆಗೆ ಕಟ್ಟಿದ್ದು ತಾನು. ಅದನ್ನು ಊರವರು ನಂಬಿಯೂ ಇದ್ದರು.