ಹಕ್ಕಿಗಳ ದನಿಯಲ್ಲಿ ಇಂಗ್ಲಿಷ್

ಒಂದು ಪಟ್ಟಣದಲ್ಲಿ ಎಲ್ಲರಿಗೂ ಇಂಗ್ಲಿಷ್ ಬರೆಯಲು ಬರುತ್ತಿತ್ತು, ಮಾತಾಡುವವರು ಮಾತ್ರ ಯಾರೂ ಇರಲಿಲ್ಲ. ತಪ್ಪಿದರೆ ಊರೇ ನಗುತ್ತಿತ್ತು. ತಪ್ಪಿದ ಪದವೇ ಅಡ್ಡಹೆಸರಾಗಿ ಉಳಿಯುತ್ತಿತ್ತು. ಹುಡುಗನಾಗಿದ್ದಾಗ ಸ್ಕೂಲಿಗೆ ಇಸ್ಕೂಲು ಎಂದಿದ್ದ ದರ್ಜಿಯನ್ನು ಮೊಮ್ಮಕ್ಕಳಾದ ಮೇಲೂ ಇಸ್ಕೂಲಪ್ಪ ಎಂದೇ ಕರೆಯುತ್ತಿದ್ದರು.

ಅಲ್ಲಿನ ಶಾಲೆಯಲ್ಲಿ ಅನಸೂಯಾ ಟೀಚರ್ ಇಂಗ್ಲಿಷ್ ಕಲಿಸುತ್ತಿದ್ದರು. ಅಂದರೆ, ಬೋರ್ಡಿನ ಮೇಲೆ ಬರೆಯುತ್ತಿದ್ದರು, ಮಕ್ಕಳು ನಕಲು ಮಾಡಿಕೊಳ್ಳುತ್ತಿದ್ದರು. ಬಳೆಗಾರ್ತಿಯ ಮಗಳು ರೇಣವ್ವ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು.

ಊರ ಹಿರಿಯರು ಶಾಲೆಗೆ ಟ್ಯಾಬ್‌ಗಳನ್ನು ತರಿಸಿದರು. ಅವುಗಳಲ್ಲಿ ಇಂಗ್ಲಿಷ್ ಮಾತಾಡಲೆಂದೇ ಒಂದು ಆ್ಯಪ್ ಇತ್ತು. ಮಾತಾಡುವವರ ಹೆಸರು ಮುಚ್ಚಿಟ್ಟು, ದನಿಯನ್ನು ಹಕ್ಕಿಯ ದನಿಯಾಗಿಸಿ, ಯಾರನ್ನೋ ಯಾರಿಗೋ ಜೊತೆ ಮಾಡುತ್ತಿತ್ತು. ರೇಣವ್ವ ಟಿಟ್ಟಿಭ ಹಕ್ಕಿಯಾದಳು. ಅವಳಿಗೆ ಸಿಕ್ಕಿದ್ದು ಒಂದು ಮೈನಾ.

ಮೊದಲ ದಿನವೇ ಟಿಟ್ಟಿಭ ಇಂಗ್ಲಿಷಿನಲ್ಲಿ, "ನಾನು ನಿನ್ನೆ ಬರುತ್ತೇನೆ" ಎಂದುಬಿಟ್ಟಿತು. ಇನ್ನೇನು ನಗು ಕೇಳಿಸುತ್ತದೆ ಎಂದು ರೇಣವ್ವ ಕಾದಳು. ನಿನ್ನೆಯ ಮಾತೆಂದರೆ ನನಗೂ ಹೆದರಿಕೆಯೇ ಎಂದಿತು ಮೈನಾ.

ಅಲ್ಲಿಂದ ಸಂಜೆಗಳೆಲ್ಲ ಮಾತಿನವಾದವು. ಅಮ್ಮ ಗಿರಾಕಿಯ ಅಂಗೈ ಒತ್ತಿ ನೋಡಿಯೇ ಬಳೆಯ ಅಳತೆ ಹೇಳುವುದನ್ನು ರೇಣವ್ವ ಸುತ್ತಿ ಬಳಸಿ ವಿವರಿಸಿದಳು. ತಾನು ಎಷ್ಟೋ ವರ್ಷ ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟಿ ನುಂಗಿದ್ದೇನೆಂದು ಮೈನಾ ಹೇಳಿಕೊಂಡಿತು. ಇದು ಯಾವುದೋ ದೊಡ್ಡ ಶಹರದ ಹುಡುಗಿ ಎಂದೇ ರೇಣವ್ವ ತಿಳಿದಿದ್ದಳು.

ಆ್ಯಪ್ ತೋರಿಸಿದ ಮಾತಿನ ಲೆಕ್ಕ ನೋಡಿ ಹಿರಿಯರಿಗೆ ಹಿಗ್ಗೋ ಹಿಗ್ಗು. ಇಷ್ಟು ಮಾತಾಡುವ ಮಕ್ಕಳು ಯಾರೆಂದು ಊರಿಗೆ ತಿಳಿಯಬೇಡವೇ ಎಂದು ಎಲ್ಲರ ಮುಖ ತೋರಿಸುವಂತೆ ಅಪ್ಪಣೆ ಮಾಡಿದರು. ಮರುದಿನ ಸಂಜೆ ಮುಖ ಕಂಡೊಡನೆ ಮಕ್ಕಳು ಆ್ಯಪ್ ಮುಚ್ಚಿದರು, ಹಕ್ಕಿಗಳು ಒಂದೊಂದಾಗಿ ಹಾರಿಹೋದವು. ರೇಣವ್ವ ಮಾತ್ರ ಮುಚ್ಚದೆ ಕೂತಿದ್ದಳು. ಅವಳ ಪರದೆಯಲ್ಲಿ ಮೈನಾದ ಜಾಗದಲ್ಲಿ ಅನಸೂಯಾ ಟೀಚರ್ ಇದ್ದರು.

ಟೀಚರ್ ಮುಖ ಕೆಂಪಾಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡರು. ಅವರು ಎದ್ದು ಹೋಗುತ್ತಾರೆ ಎನ್ನಿಸಿ ರೇಣವ್ವನಿಗೆ ಅಳುವೇ ಬಂತು. ಕೊನೆಗೆ ಬೇಕೆಂದೇ, "ಟೀಚರ್, ನೀವು ನಿನ್ನೆ ಬರುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಟೀಚರ್ ಸೆರಗು ಕೆಳಗಿಳಿಸಿದರು. "ಬರುತ್ತೇನೆ. ನಾಳೆಯೂ ಬಂದಿದ್ದೆ."

ಮರುದಿನ ಅವರು ಚಾಕ್ ಹಿಡಿಯಲಿಲ್ಲ. ತಾವು ಮಾತು ನುಂಗಿದ ಕಥೆಯನ್ನು ಇಂಗ್ಲಿಷಿನಲ್ಲೇ ಹೇಳಹೊರಟು ನಡುವೆ ಎಡವಿದರು. ತರಗತಿ ನಕ್ಕಿತು. ಅವರೂ ನಕ್ಕು, ತಪ್ಪಿದ್ದೆಲ್ಲಿ ಎಂದು ಕೇಳಿದರು. ಒಬ್ಬ ತಿದ್ದಿದ. ಅವನನ್ನು ಪಕ್ಕದವಳು ತಿದ್ದಿದಳು. ಅವಳನ್ನು ತಿದ್ದಲು ಮೂರು ಬೆಂಚಿನವರು ಮುಗಿಬಿದ್ದರು.

ಕೆಲವು ತಿಂಗಳಾದ ಮೇಲೆ ಹಿರಿಯರು ಆ್ಯಪ್ ತೆರೆದು ನೋಡಿದರು. ಅದನ್ನು ಯಾರೂ ಮುಟ್ಟಿರಲಿಲ್ಲ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕಾಗಿಲ್ಲವೆಂದು ನೊಂದುಕೊಂಡು, ಟ್ಯಾಬ್‌ಗಳನ್ನು ವಾಪಸ್ ಒಯ್ಯಲು ಶಾಲೆಗೆ ಬಂದರು. ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ತಿದ್ದುವ ಆ ತರಗತಿಯ ಗದ್ದಲ ಗೇಟಿನವರೆಗೂ ಕೇಳಿಸುತ್ತಿತ್ತು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರು ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಬಂದರು.

"ಇರಲಿ ಬಿಡಿ ತಾಯಿ," ಎಂದರು ಅನಸೂಯಾ ಟೀಚರಿಗೆ, "ಇಂಗ್ಲಿಷಂತೂ ಇವರ ಕೈಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದನ್ನಾದರೂ ಕಲಿಸಿ."