ತೀರ್ಥಹಳ್ಳಿ ಬಸ್ಸಿನಲ್ಲಿ ಬಂದ ಧಾಟಿ

"ಇನ್ನೊಂದ್ಸಲ ಊದು ಕನ್ನಪ್ಪಣ್ಣ. ಕೊನೇಲಿ ಮೇಲೆ ಹೋಗ್ತದಾ, ಕೆಳಗೆ ಬರ್ತದಾ?"

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕಂಡಕ್ಟರ್ ಧರ್ಮಪ್ಪ ಒಂದು ಕಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು ಬಗ್ಗಿ ನಿಂತಿದ್ದ. ಸಾಮಿಲ್ಲಿನ ಹೊಟ್ಟು ಮೆತ್ತಿದ ಅಂಗಿಯಲ್ಲೇ ಓಡಿಬಂದಿದ್ದ ಕನ್ನಪ್ಪ ಅವನ ಕಿವಿಯ ಹತ್ತಿರ ಬಾಯಿ ತಂದು, ಹೊಸ ಸಿನಿಮಾ ಹಾಡಿನ ಧಾಟಿಯನ್ನು ಮೂರನೇ ಸಲ ಸಿಳ್ಳೆ ಹಾಕಿದ. ಕಿಟಕಿಯಲ್ಲಿದ್ದ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

"ಕೆಳಗೆ ಬರ್ತದೆ. ಇಳಿದು ನಿಲ್ತದೆ. ಹೊಸನಗರದಲ್ಲಿ ಭೂತಪ್ಪಂಗೆ ಹಿಂಗೇ ಹೇಳು. ತೀರ್ಥಹಳ್ಳೀಲಿ ಮಂಜುನಾಥಪ್ಪಂಗೆ ತಾಳ ತಟ್ಟಿ ತೋರ್ಸು ಸಾಕು. ನಮ್ಮೂರ ಹುಡುಗಿ ಹೂವಮ್ಮನ ಮದುವೇಲೂ ಹಿಂದಿನ ಸಲದಂಗೆ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋದ್ರೆ, ಬ್ಯಾಂಡು ಅವತ್ತಿಗೇ ಮುಚ್ಚಿದ್ದು. ನನ್ನ ಮಾತು ಮಾತೇ."

"ಟಿಕೆಟ್ ಕೊಡಕ್ಕೆ ಮರೆತೇನು, ಹಾಡು ಮರೆಯಲ್ಲ ಬಿಡು ಅಣ್ಣ" ಎಂದು ಧರ್ಮಪ್ಪ ಸೀಟಿ ಊದಿದ. ಬಸ್ಸು ಹೊರಟಿತು.

ಕಾರೆಬೈಲು ಬ್ಯಾಂಡ್ ಸೆಟ್ಟಿನ ಅಭ್ಯಾಸ ನಾಲ್ಕು ವರ್ಷದಿಂದ ನಡೆಯುತ್ತಿದ್ದದ್ದೇ ಹೀಗೆ. ನಗುವವರು ನಗಲಿ. ಒಂದು ಸಿಳ್ಳೆಯನ್ನು ನಂಬಿ ಮೂರು ಊರಿನಲ್ಲಿ ಮೂರು ಜನ ಒಂದು ಬ್ಯಾಂಡನ್ನು ಉಳಿಸಿಕೊಂಡಿದ್ದರೆಂದರೆ ಅದೇನೂ ಸಾಮಾನ್ಯದ ಮಾತಲ್ಲ.

ಅರವತ್ತೊಂದನೇ ಇಸವಿಯಲ್ಲಿ ಅದು ಶುರುವಾದಾಗ ಮೂವರೂ ಕಾರೆಬೈಲಿನ ಒಂದೇ ಕೇರಿಯಲ್ಲಿದ್ದರು. ಶಿವಮೊಗ್ಗದಲ್ಲಿ ಪಿಂಚಣಿ ಪಡೆದ ಪೊಲೀಸ್ ಬ್ಯಾಂಡಿನವರೊಬ್ಬರ ಮನೆಯಲ್ಲಿ ನೀರು ಹೊತ್ತು ಕನ್ನಪ್ಪ ಕ್ಲಾರಿಯೊನೆಟ್ಟು ಕಲಿತು ಬಂದಿದ್ದ. ಭೂತಪ್ಪನ ಕೈಗೆ ಟ್ರಂಪೆಟ್ಟು ಕೊಟ್ಟ, ಮಂಜುನಾಥಪ್ಪನ ಕೊರಳಿಗೆ ದೊಡ್ಡ ಡ್ರಮ್ಮು ಹಾಕಿದ. ಬರೆದ ಸ್ವರ ಒಬ್ಬರಿಗೂ ಓದಲು ಬರುತ್ತಿರಲಿಲ್ಲ. ದಿನಾ ಸಂಜೆ ಮಾವಿನ ಮರದ ಕೆಳಗೆ ಕೂತು ಕಿವಿಯಿಂದ ಕಿವಿಗೆ ಕಲಿತರು. ಮಂಜುನಾಥಪ್ಪ ಡೊಳ್ಳಿನ ಪೆಟ್ಟನ್ನೇ ಡ್ರಮ್ಮಿಗೆ ಇಳಿಸಿಬಿಟ್ಟಿದ್ದ. ಅವನು ಬಡಿಯಲು ಶುರುಮಾಡಿದರೆ ಊಟದ ಎಲೆ ಮುಂದೆ ಕೂತವರ ಮೊಣಕಾಲು ಸುಮ್ಮನಿರುತ್ತಿರಲಿಲ್ಲ. ಎರಡೇ ವರ್ಷಕ್ಕೆ ಬ್ಯಾಂಡಿನವರ ಬಿಡುವು ಕೇಳಿ ಲಗ್ನ ಇಡುವ ಮಟ್ಟಕ್ಕೆ ಬಂತು.

ಆಮೇಲೆ ಅಣೆಕಟ್ಟಿನ ನೀರು ಬಂತು. ಕಾರೆಬೈಲು ಮುಳುಗಿತು, ಮಾವಿನ ಮರವೂ ಮುಳುಗಿತು. ಕನ್ನಪ್ಪ ಸಾಗರದ ಸಾಮಿಲ್ಲಿಗೆ ಸೇರಿದ. ಭೂತಪ್ಪ ಹೊಸನಗರದ ಹತ್ತಿರ ಕಾಡು ಕಡಿದು ಹೊಸ ಗದ್ದೆ ಮಾಡಿದ, ಮಂಜುನಾಥಪ್ಪ ತೀರ್ಥಹಳ್ಳಿಯಲ್ಲಿ ಗಾಡಿ ಹೊಡೆಯತೊಡಗಿದ. ಕಾರೆಬೈಲಿನವನೇ ಆದ ಧರ್ಮಪ್ಪ ಈ ಮೂರೂ ಊರಿಗೆ ಹೋಗುವ ಬಸ್ಸಿನ ಕಂಡಕ್ಟರಾದದ್ದು ಬ್ಯಾಂಡಿನ ಪುಣ್ಯ.

ಒಂದು ಮಾತನ್ನು ಮಾತ್ರ ಕನ್ನಪ್ಪ ಯಾರ ಹತ್ತಿರವೂ ಆಡಿರಲಿಲ್ಲ. ಬ್ಯಾಂಡಿನ ಮೊದಲನೇ ಮದುವೆಯಲ್ಲಿ ಧರ್ಮಪ್ಪನ ತಾಯಿ ಗುತ್ಯಮ್ಮ ವಾಡಿಕೆಯಂತೆ ದಿಬ್ಬಣದ ಹಾಡು ಎತ್ತಿಕೊಂಡಿದ್ದಳು. ಆ ಸೀಮೆಯಲ್ಲಿ ಅವಳು ಹಾಡದೆ ಹೆಣ್ಣು ಚಪ್ಪರಕ್ಕೆ ಕಾಲಿಟ್ಟದ್ದಿಲ್ಲ. ಕನ್ನಪ್ಪ ಹಾಡಿನ ನಡುಸಾಲಿನಲ್ಲೇ ಕೈ ಅಡ್ಡ ಹಿಡಿದು, "ಈಗ ಬ್ಯಾಂಡು ಬಂತಲ್ಲ ಅತ್ತೆ, ನೀವು ಸುಮ್ನೆ ಕೂತ್ಕಳಿ" ಎಂದಿದ್ದ. ಅವಳು ಕೂತಳು. ಆಮೇಲೆ ಹಾಡಲೇ ಇಲ್ಲ. ಊರು ಮುಳುಗಿದ ದುಃಖಕ್ಕೆ ಬಾಯಿ ಕಟ್ಟಿತು ಎಂದು ಜನ ಹೇಳುತ್ತಿದ್ದರು. ಅದು ಎರಡು ವರ್ಷ ಮೊದಲೇ ಕಟ್ಟಿತ್ತೆಂದು ಕನ್ನಪ್ಪನಿಗೆ ಗೊತ್ತಿತ್ತು.

ಹೂವಮ್ಮನ ಮದುವೆ ತೀರ್ಥಹಳ್ಳಿಯ ಹೊರಗೆ, ರಸ್ತೆ ಪಕ್ಕದ ಮನೆಯಲ್ಲಿ. ಕಾರೆಬೈಲಿನ ಹುಡುಗಿಯಾದ್ದರಿಂದ ಚದುರಿಹೋದವರೆಲ್ಲ ಬಂದಿದ್ದರು. ಮಗನ ಮನೆಯಿಂದ ಗುತ್ಯಮ್ಮನೂ ಬಂದಿದ್ದಳು. ಬೆಳಗಿನ ಬಿಸಿಲಿನಲ್ಲಿ ಹೂವಮ್ಮನನ್ನು ಕರೆದುಕೊಂಡು ದಿಬ್ಬಣ ರಸ್ತೆಗಿಳಿಯಿತು. ಕನ್ನಪ್ಪ ಹೊಸ ಹಾಡು ಎತ್ತಿದ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೆಯದರ ಕೊನೆಗೆ ಕ್ಲಾರಿಯೊನೆಟ್ಟು ಕೆಳಗಿಳಿದರೆ ಟ್ರಂಪೆಟ್ಟು ಮೇಲಕ್ಕೆ ಹೋಯಿತು. ಡ್ರಮ್ಮು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಎಡವಿತು. ಗಂಡಿನ ಕಡೆಯವರು ಮುಸಿಮುಸಿ ನಕ್ಕರು.

ಕನ್ನಪ್ಪನ ಕಿವಿ ಕೆಂಪಾಯಿತು. "ಎಂತದೋ ಅದು ಭೂತಪ್ಪ?"

"ಧರ್ಮಪ್ಪ ಕೊಟ್ಟಿದ್ದೇ ಹಿಂಗೆ ಅಣ್ಣ. ಹಿನ್ನೀರು ಕಾಣೋ ಹತ್ರ ಬಂದಾಗೆಲ್ಲ ಅವನ ಬಾಯಲ್ಲಿ ಹಿಂಗೇ ತಿರುಗ್ತದಂತೆ. ನಂಗೂ ಎಲ್ಲೋ ಕೇಳ್ದಂಗೆ ಇತ್ತು, ಸರಿ ಇದ್ದೀತು ಅಂದ್ಕಂಡೆ."

"ಊದು ನೋಡಾಣ, ನೀನೊಬ್ನೇ."

ಬೈಗುಳ ಬೀಳುತ್ತದೆಂದು ಕಾದಿದ್ದ ಭೂತಪ್ಪ ಹೆದರುತ್ತಲೇ ಊದಿದ. ಧಾಟಿ ಮೇಲಕ್ಕೆ ಹೋಯಿತು, ಅಲ್ಲೊಂದು ಕ್ಷಣ ತೂಗಿತು. ಆ ತಿರುವಿನ ಗುರುತು ಕನ್ನಪ್ಪನಿಗೆ ಸಿಕ್ಕಿತು. ಗುತ್ಯಮ್ಮನ ಹಾಡಿಗೆ ಅವತ್ತು ತಾನು ಕೈ ಅಡ್ಡ ಹಿಡಿದದ್ದು ಸರಿಯಾಗಿ ಅಲ್ಲಿ. ಸಿನಿಮಾ ಹಾಡು ದಾರಿಯಲ್ಲೇ ಇಳಿದುಹೋಗಿ, ಮಗನ ಬಾಯಲ್ಲಿ ತಾಯಿಯ ಹಾಡು ಬಸ್ಸು ಹತ್ತಿತ್ತು.

ಅವನು ಹೆಂಗಸರ ಗುಂಪಿಗೆ ನಡೆದ. ಗುತ್ಯಮ್ಮ ಎಲೆಅಡಿಕೆ ಜಗಿಯುತ್ತ ನಿಂತಿದ್ದಳು.

"ಅತ್ತೆ, ಇದರ ಮುಂದಿನದ್ದು ಹೇಳ್ಕೊಡಿ."

ಅವಳು ಅವನನ್ನು ನೋಡಿದಳು. "ಬ್ಯಾಂಡು ಬಂದದಲ್ಲ ಕನ್ನಪ್ಪ. ನಂದೆಂತಕ್ಕೆ?"

ಸುತ್ತಲಿನವರು ಕೇಳುತ್ತಿದ್ದರು. ಆರು ವರ್ಷ ಜಂಬದಿಂದ ಎತ್ತಿದ್ದ ತಲೆ ಅದು, ಬಗ್ಗಿತು. "ಬ್ಯಾಂಡಿಗೆ ಬರಲ್ಲ ಅತ್ತೆ. ಅವತ್ತು ತಪ್ಪು ಮಾಡ್ದೆ."

ಮುದುಕಿ ಅವಸರ ಮಾಡಲಿಲ್ಲ. ಬೇಲಿಯ ಹತ್ತಿರ ಹೋಗಿ ಎಲೆಅಡಿಕೆ ಉಗಿದಳು, ಸೆರಗಿನಲ್ಲಿ ಬಾಯೊರೆಸಿಕೊಂಡು ಬಂದು ಹೂವಮ್ಮನ ಕೈ ಹಿಡಿದಳು. ಆಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ದನಿ ಒಡೆದಿತ್ತು, ಆದರೆ ದಾರಿ ತಪ್ಪಲಿಲ್ಲ. ಕಾರೆಬೈಲಿನ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಮಂಜುನಾಥಪ್ಪ ಡ್ರಮ್ಮಿನ ಕೋಲು ಕಂಕುಳಿಗೆ ಸಿಕ್ಕಿಸಿ ಬೆರಳಿನಲ್ಲಿ ತಟ್ಟತೊಡಗಿದ, ಭೂತಪ್ಪ ಟ್ರಂಪೆಟ್ಟಿನ ಬಾಯಿಗೆ ಅಂಗೈ ಮುಚ್ಚಿ ಮೆಲ್ಲಗೆ ಊದಿದ. ಗುತ್ಯಮ್ಮ ಉಸಿರು ತೆಗೆದುಕೊಳ್ಳುವಾಗ ಮಾತ್ರ ಕನ್ನಪ್ಪ ಕ್ಲಾರಿಯೊನೆಟ್ಟು ತುಟಿಗಿಡುತ್ತಿದ್ದ. ಅಷ್ಟು ಚೆನ್ನಾಗಿ ಆ ಬ್ಯಾಂಡು ಅದಕ್ಕೆ ಮುಂಚೆ ಎಂದೂ ನುಡಿಸಿರಲಿಲ್ಲ.

ದಿಬ್ಬಣ ರಸ್ತೆಯ ನಡುವೆಯೇ ನಿಂತುಬಿಟ್ಟಿತ್ತು. ಅದರ ಹಿಂದೆ ಸಾಗರಕ್ಕೆ ಹೊರಟಿದ್ದ ಬಸ್ಸೂ ನಿಂತಿತ್ತು. ಡ್ರೈವರು ಹಾರ್ನಿಗೆ ಕೈಯಿಟ್ಟು, ಒತ್ತಲೇ ಎಂಬಂತೆ ಹಿಂದಕ್ಕೆ ತಿರುಗಿ ಕಂಡಕ್ಟರನನ್ನು ನೋಡಿದ. ಧರ್ಮಪ್ಪ ಫುಟ್‌ಬೋರ್ಡಿನ ಮೇಲೆ, ಸೀಟಿಯನ್ನು ಊದದೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ತಾಯಿಯ ದನಿ ಕೇಳುತ್ತ ನಿಂತಿದ್ದ.